ಗಾಂಜಾ ಮೂರನೇ ಪಟ್ಟಿಗೆ ಇಳಿದರೆ ರೋಗಿಗೆ ದಕ್ಕುವುದೇನು?

ಅಮೆರಿಕದ 1970ರ ನಿಯಂತ್ರಿತ ವಸ್ತುಗಳ ಕಾಯಿದೆಯು ಮಾದಕ ಪದಾರ್ಥಗಳನ್ನೂ ಅಮಲು ತರುವ ಔಷಧಿಗಳನ್ನೂ ಬಿಗಿ ಇಳಿಯುತ್ತ ಹೋಗುವ ಐದು ಪಟ್ಟಿಗಳಲ್ಲಿ ಹಂಚುತ್ತದೆ. ದುರ್ಬಳಕೆಯ ಅಪಾಯ ಹೆಚ್ಚು, ವೈದ್ಯಕೀಯ ಉಪಯೋಗ ಇಲ್ಲವೇ ಇಲ್ಲ ಎಂದು ಸರ್ಕಾರ ತೀರ್ಮಾನಿಸಿದ ವಸ್ತುಗಳು ಮೊದಲ ಪಟ್ಟಿಗೆ ಸೇರುತ್ತವೆ. ಹೆರಾಯಿನ್ ಮತ್ತು ಎಲ್‌ಎಸ್‌ಡಿಯ ಜೊತೆಗೆ ಗಾಂಜಾವನ್ನೂ ಅಲ್ಲಿಯೇ ಇರಿಸಲಾಯಿತು. 1996ರಲ್ಲಿ ಕ್ಯಾಲಿಫೋರ್ನಿಯದ ಮತದಾರರು ವೈದ್ಯಕೀಯ ಗಾಂಜಾಕ್ಕೆ ಒಪ್ಪಿಗೆ ಕೊಟ್ಟ ಮೇಲೆ ಒಂದೊಂದೇ ರಾಜ್ಯ ಆ ದಾರಿ ಹಿಡಿಯಿತು. ಹೀಗಾಗಿ ಒಂದೇ ಗಿಡ ರಾಜ್ಯದ ಕಣ್ಣಿಗೆ ಮದ್ದು, ಫೆಡರಲ್ ಸರ್ಕಾರದ ಕಣ್ಣಿಗೆ ಅಪರಾಧ ಎಂಬ ಸ್ಥಿತಿ ನೆಲೆಗೊಂಡಿತು. 2022ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಬೈಡನ್ ಮರುಪರಿಶೀಲನೆಗೆ ಸೂಚಿಸಿದರು. 2023ರ ಆಗಸ್ಟ್‌ನಲ್ಲಿ ಆರೋಗ್ಯ ಇಲಾಖೆಯು ಗಾಂಜಾವನ್ನು ಮೂರನೇ ಪಟ್ಟಿಗೆ ಇಳಿಸಬಹುದೆಂದು ಶಿಫಾರಸು ಮಾಡಿತು. 2024ರ ಮೇ ತಿಂಗಳಲ್ಲಿ ನ್ಯಾಯ ಇಲಾಖೆ ಕರಡು ನಿಯಮ ಪ್ರಕಟಿಸಿತು. 2025ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಟ್ರಂಪ್ ಈ ಕೆಲಸವನ್ನು ಬೇಗ ಮುಗಿಸುವಂತೆ ಆದೇಶಿಸಿದರು. ಬೇರೆ ಯಾವುದರಲ್ಲಿಯೂ ಒಮ್ಮತವಿಲ್ಲದ ಇಬ್ಬರು ಅಧ್ಯಕ್ಷರು ಒಂದೇ ದಿಕ್ಕಿಗೆ ತಳ್ಳಿದ ಈ ಬದಲಾವಣೆಯಿಂದ ರಾಜ್ಯಗಳ ಕಾನೂನಿಗೂ ಕಾಯಿಲೆಯವರಿಗೂ ನಿಜವಾಗಿ ಒಳಿತಾಗುವುದೇ ಎಂಬುದು ಇಲ್ಲಿಯ ಪ್ರಶ್ನೆ.

ಪರ: ಕಾನೂನಿನಲ್ಲಿರುವ ಸುಳ್ಳು ಮೊದಲು ಹೋಗಲಿ

ಮೊದಲ ಪಟ್ಟಿ ಬರಿಯ ಹಣೆಪಟ್ಟಿಯಲ್ಲ. ಅದು ವಾಸ್ತವದ ಬಗ್ಗೆ ಸರ್ಕಾರ ಕೊಡುವ ಹೇಳಿಕೆ. ಈ ವಸ್ತುವಿಗೆ ಅಂಗೀಕೃತ ವೈದ್ಯಕೀಯ ಬಳಕೆ ಇಲ್ಲ ಎಂದು ಅದು ಸಾರುತ್ತದೆ. ಆದರೆ ಆರೋಗ್ಯ ಇಲಾಖೆಯೇ 2023ರ ಪರಿಶೀಲನೆಯಲ್ಲಿ ಕಂಡುಕೊಂಡ ಸಂಗತಿ ಬೇರೆಯದು: 43 ಆಡಳಿತ ಪ್ರದೇಶಗಳಲ್ಲಿ 30,000ಕ್ಕೂ ಹೆಚ್ಚು ಆರೋಗ್ಯ ವೃತ್ತಿನಿರತರು 60 ಲಕ್ಷಕ್ಕೂ ಹೆಚ್ಚು ನೋಂದಾಯಿತ ರೋಗಿಗಳಿಗೆ ಗಾಂಜಾವನ್ನು ಶಿಫಾರಸು ಮಾಡುವ ಅಧಿಕಾರ ಪಡೆದಿದ್ದರು. ನೋವು, ಕೀಮೋಥೆರಪಿಯ ವಾಕರಿಕೆ ಮತ್ತು ವಾಂತಿ, ಕಾಯಿಲೆಯಿಂದ ಹಸಿವು ಇಂಗಿಹೋಗುವುದು ಎಂಬ ಮೂರು ತೊಂದರೆಗಳ ವಿಷಯದಲ್ಲಿ ಬಳಕೆಗೆ ಸಾಕಷ್ಟು ವೈಜ್ಞಾನಿಕ ಆಧಾರವಿದೆ ಎಂದೂ ಇಲಾಖೆ ಒಪ್ಪಿಕೊಂಡಿತು. ತಾನೇ ಒಪ್ಪಿಕೊಂಡದ್ದನ್ನು ಅಲ್ಲಗಳೆಯುವ ಕಾನೂನನ್ನು ಯಾವ ಸರ್ಕಾರವೂ ಇಟ್ಟುಕೊಳ್ಳಬಾರದು.

ಈ ಒಪ್ಪಿಗೆ ಬರುವುದಕ್ಕೆ ಹಿಡಿದ ಕಾಲವನ್ನು ನೆನೆದರೆ ಬೇಸರವಾಗುತ್ತದೆ. ಮಾದಕವಸ್ತು ಜಾರಿ ಸಂಸ್ಥೆಯಾದ ಡಿಇಎಯ ಆಡಳಿತಾತ್ಮಕ ನ್ಯಾಯಾಧೀಶ ಫ್ರಾನ್ಸಿಸ್ ಯಂಗ್ ಅವರು ವಿಚಾರಣೆ ನಡೆಸಿ, ಗಾಂಜಾವನ್ನು ಎರಡನೇ ಪಟ್ಟಿಗೆ ವರ್ಗಾಯಿಸಬೇಕೆಂದು 1988ರಲ್ಲಿಯೇ ಹೇಳಿದ್ದರು. ಸಂಸ್ಥೆಯ ಮುಖ್ಯಸ್ಥರು ಅದನ್ನು ತಳ್ಳಿಹಾಕಿದರು. 2011ರಲ್ಲಿ ರೋಡ್ ಐಲೆಂಡ್ ಮತ್ತು ವಾಷಿಂಗ್ಟನ್ ರಾಜ್ಯಗಳ ಗವರ್ನರ್‌ಗಳೇ ಅರ್ಜಿ ಹಾಕಿದರು. 2016ರಲ್ಲಿ ಅದೂ ತಿರಸ್ಕೃತವಾಯಿತು. ಇದರ ನಡುವೆ, ಗಾಂಜಾದ ಅಮಲಿಗೆ ಮೂಲವಾದ ಟಿಎಚ್‌ಸಿಯನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿ ತುಂಬಿದ ಡ್ರೊನಾಬಿನಾಲ್ ಮಾತ್ರೆಗೆ 1985ರಲ್ಲಿಯೇ ಅನುಮೋದನೆ ಸಿಕ್ಕಿತ್ತು, 1999ರಿಂದ ಆ ಮಾತ್ರೆ ಮೂರನೇ ಪಟ್ಟಿಯಲ್ಲಿಯೇ ಇದೆ. ಕಾರ್ಖಾನೆಯಲ್ಲಿ ಹುಟ್ಟಿದರೆ ಮದ್ದು, ಗಿಡದಲ್ಲಿ ಹುಟ್ಟಿದರೆ ಹೆರಾಯಿನ್‌ಗೆ ಸಮ ಎಂಬ ಈ ವಿಂಗಡಣೆಯನ್ನು ಯಾವ ವೈದ್ಯ ತನ್ನ ರೋಗಿಗೆ ವಿವರಿಸಿ ಹೇಳಬಲ್ಲ?

ಸಾಕಷ್ಟು ಸಂಶೋಧನೆ ಆಗಿಲ್ಲವೆಂಬುದು ಹಳೆಯ ಆಕ್ಷೇಪ. ಆಗದಂತೆ ತಡೆದದ್ದು ಇದೇ ಪಟ್ಟಿ. 1968ರಿಂದ 2021ರವರೆಗೆ ಸಂಶೋಧನೆಗಾಗಿ ಗಾಂಜಾ ಬೆಳೆಯುವ ಅನುಮತಿ ಇಡೀ ದೇಶದಲ್ಲಿ ಮಿಸಿಸಿಪ್ಪಿ ವಿಶ್ವವಿದ್ಯಾಲಯವೊಂದಕ್ಕೇ ಇತ್ತು. ರೋಗಿಗಳು ರಾಜ್ಯದ ಮಳಿಗೆಗಳಲ್ಲಿ ಕೊಳ್ಳುವ ಸರಕನ್ನು ವಿಜ್ಞಾನಿಗಳು ತಂದು ಪರೀಕ್ಷಿಸುವಂತಿರಲಿಲ್ಲ, ವಿಜ್ಞಾನಿಗಳು ಪರೀಕ್ಷಿಸುತ್ತಿದ್ದ ಸರಕು ರೋಗಿಗಳು ಬಳಸುವಂಥದ್ದಾಗಿರಲಿಲ್ಲ. ಪುರಾವೆ ಇಲ್ಲವೆಂದು ಮೊದಲ ಪಟ್ಟಿಯಲ್ಲಿಡುವುದು, ಮೊದಲ ಪಟ್ಟಿಯಲ್ಲಿದೆಯೆಂದು ಪುರಾವೆ ಹುಟ್ಟದಂತೆ ನೋಡಿಕೊಳ್ಳುವುದು ಎಂಬ ಈ ಸುತ್ತು ಎಲ್ಲಿಯಾದರೂ ಒಂದು ಕಡೆ ತುಂಡಾಗಬೇಕು.

ಹಣದ ಮಾತನ್ನೂ ಆಡಬೇಕು, ಏಕೆಂದರೆ ವಿಮಾ ಕಂಪನಿಗಳು ಗಾಂಜಾದ ವೆಚ್ಚವನ್ನು ಸಾಮಾನ್ಯವಾಗಿ ಭರಿಸುವುದಿಲ್ಲ, ರೋಗಿ ತನ್ನ ಜೇಬಿನಿಂದಲೇ ತೆರಬೇಕು. 1982ರಲ್ಲಿ ತೆರಿಗೆ ಸಂಹಿತೆಗೆ ಸೇರಿದ 280ಇ ವಿಧಿಯ ಪ್ರಕಾರ, ಮೊದಲ ಎರಡು ಪಟ್ಟಿಗಳ ವಸ್ತುಗಳನ್ನು ಮಾರುವವರು ಬಾಡಿಗೆಯನ್ನಾಗಲಿ ನೌಕರರ ಸಂಬಳವನ್ನಾಗಲಿ ಖರ್ಚೆಂದು ತೋರಿಸಿ ತೆರಿಗೆ ಬೀಳುವ ಆದಾಯದಿಂದ ಕಳೆದುಕೊಳ್ಳುವಂತಿಲ್ಲ. ಕಳ್ಳದಂಧೆಯವರಿಗಾಗಿ ಮಾಡಿದ ಈ ವಿಧಿಯ ಹೊರೆ ರಾಜ್ಯದ ಪರವಾನಗಿ ಪಡೆದ ಮಳಿಗೆಯ ಮೇಲೆ ಬಿದ್ದಾಗ ಅದರಲ್ಲಿ ಒಂದಷ್ಟು ಬೆಲೆಯ ರೂಪದಲ್ಲಿ ಕ್ಯಾನ್ಸರ್ ರೋಗಿಯ ಹೆಗಲಿಗೂ ಏರುತ್ತದೆ. ಮೂರನೇ ಪಟ್ಟಿಗೆ ಇಳಿದ ವಸ್ತುವಿಗೆ ಈ ವಿಧಿ ಅನ್ವಯಿಸದು.

ರಾಜ್ಯಗಳ ಕಾನೂನಿನ ಮೇಲಾಗುವ ಪರಿಣಾಮವೂ ಸಣ್ಣದಲ್ಲ. ಎಷ್ಟೋ ರಾಜ್ಯಗಳ ಮಾದಕವಸ್ತು ಕಾಯಿದೆಗಳು ಫೆಡರಲ್ ಕಾಯಿದೆಯ ಅಚ್ಚಿನಲ್ಲಿಯೇ ಎರಕ ಹೊಯ್ದಂಥವು. ಕೆಲವು ರಾಜ್ಯಗಳಲ್ಲಿ ಫೆಡರಲ್ ಪಟ್ಟಿ ಬದಲಾದರೆ, ಗೊತ್ತಾದ ಅವಧಿಯೊಳಗೆ ಆಕ್ಷೇಪ ಬಾರದಿದ್ದಲ್ಲಿ, ರಾಜ್ಯದ ಪಟ್ಟಿಯೂ ತಾನಾಗಿ ಬದಲಾಗುತ್ತದೆ. ಇಲ್ಲಿಯವರೆಗೆ ವೈದ್ಯಕೀಯ ಬಳಕೆಗೂ ಬಾಗಿಲು ಮುಚ್ಚಿರುವ ರಾಜ್ಯಗಳ ಶಾಸಕರು, ಇದು ಮದ್ದೇ ಅಲ್ಲವೆಂದು ವಾಷಿಂಗ್ಟನ್ನೇ ಹೇಳಿದೆಯಲ್ಲ ಎಂಬ ಮಾತನ್ನು ಮತ್ತೆ ಆಡಲಾರರು. ವೈದ್ಯಕೀಯ ಗಾಂಜಾದ ವಿರುದ್ಧ 2005ರಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟು ಕೂಡ, ರೋಗಿಗಳಿಗೆ ತೆರೆದಿರುವ ಮಾರ್ಗಗಳಲ್ಲಿ ಮರುವರ್ಗೀಕರಣವೂ ಒಂದೆಂದು ಎತ್ತಿ ಹೇಳಿತ್ತು. ಈ ಹೆಜ್ಜೆಯಿಂದ ಎಲ್ಲವೂ ಸರಿಹೋಗುವುದಿಲ್ಲವೆಂಬುದು ನಿಜ. ಹಾಗೆಂದು ಐವತ್ತು ವರ್ಷ ಕಾದವರನ್ನು ಇನ್ನೂ ಕಾಯಿರಿ ಎನ್ನುವುದು ಕಾಯಿಲೆ ಬೀಳದವರಿಗಷ್ಟೇ ಸುಲಭ.

ವಿರೋಧ: ಪಟ್ಟಿ ಬದಲಾದರೂ ಕಟ್ಟು ಸಡಿಲವಾಗದು

ಗಾಂಜಾಕ್ಕೆ ಔಷಧಿಯ ಗುಣವಿಲ್ಲವೆಂಬುದು ನನ್ನ ವಾದವಲ್ಲ. ಮೂರನೇ ಪಟ್ಟಿಗೆ ಇಳಿಸುವುದನ್ನು ನಾನು ವಿರೋಧಿಸುವುದು ಅದು ರೋಗಿಯ ಹೆಸರಿನಲ್ಲಿ ಹೊರಟು, ರೋಗಿಯನ್ನು ಇದ್ದಲ್ಲಿಯೇ ಬಿಟ್ಟು, ವ್ಯಾಪಾರಿಯ ಮನೆಗೆ ಹೋಗಿ ನಿಲ್ಲುತ್ತದೆ ಎಂಬ ಕಾರಣಕ್ಕೆ.

ಮೂರನೇ ಪಟ್ಟಿಯ ವಸ್ತು ಎಂದರೇನೆಂಬುದನ್ನು ಮೊದಲು ನೋಡೋಣ. ಅರಿವಳಿಕೆಯ ಕೆಟಮಿನ್, ಕೊಡೀನ್ ಬೆರೆಸಿದ ನೋವುನಿವಾರಕ ಟೈಲೆನಾಲ್, ಟೆಸ್ಟೊಸ್ಟೆರೋನ್ ಹಾರ್ಮೋನು ಅಲ್ಲಿವೆ. ಇವನ್ನು ಔಷಧಿ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಅನುಮೋದಿಸಿರಬೇಕು, ವೈದ್ಯರು ಚೀಟಿ ಬರೆಯಬೇಕು, ಡಿಇಎಯಲ್ಲಿ ನೋಂದಾಯಿಸಿಕೊಂಡ ಔಷಧಿ ಅಂಗಡಿಯವರೇ ಕೊಡಬೇಕು. ರಾಜ್ಯಗಳ ಗಾಂಜಾ ವ್ಯವಸ್ಥೆಯನ್ನು ಕಟ್ಟಿರುವುದು ಇವುಗಳಲ್ಲಿ ಒಂದರ ಮೇಲೂ ಅಲ್ಲ. ಅಲ್ಲಿ ವೈದ್ಯರು ಬರೆಯುವುದು ಚೀಟಿಯಲ್ಲ, ಶಿಫಾರಸು ಮಾತ್ರ. ಕ್ಯಾಲಿಫೋರ್ನಿಯ ಮೊದಲಾದ ಪಶ್ಚಿಮದ ರಾಜ್ಯಗಳ ಮೇಲ್ಮನವಿಗಳನ್ನು ಕೇಳುವ ಒಂಬತ್ತನೇ ಸರ್ಕ್ಯೂಟಿನ ಫೆಡರಲ್ ನ್ಯಾಯಾಲಯ 2002ರಲ್ಲಿ ಅವರಿಗೆ ಕೊಟ್ಟ ರಕ್ಷಣೆ ಅಷ್ಟಕ್ಕೇ ಸೀಮಿತ, ಅದಕ್ಕೆ ಆಧಾರವಾದದ್ದೂ ವೈದ್ಯರ ವಾಕ್ ಸ್ವಾತಂತ್ರ್ಯವೇ. ಆದ್ದರಿಂದ ಗಾಂಜಾ ಮೂರನೇ ಪಟ್ಟಿಗೆ ಬಂದಿತೆಂದ ಮಾತ್ರಕ್ಕೆ ರಾಜ್ಯದ ಮಳಿಗೆಯಲ್ಲಿ ಕೊಂಡ ಗಾಂಜಾ ಫೆಡರಲ್ ಕಾನೂನಿನ ಕಣ್ಣಿಗೆ ಸಕ್ರಮವಾಗುವುದಿಲ್ಲ. ಗಾಂಜಾಕ್ಕೆ ಅನ್ವಯಿಸುವ ಕ್ರಿಮಿನಲ್ ನಿಷೇಧಗಳು ಮುಂದುವರಿಯುತ್ತವೆಂದು 2024ರ ಕರಡು ನಿಯಮವೇ ಸ್ಪಷ್ಟವಾಗಿ ಹೇಳಿತ್ತು. ಚೀಟಿಯಿಲ್ಲದೆ ನಿಯಂತ್ರಿತ ವಸ್ತುವನ್ನು ಇಟ್ಟುಕೊಂಡರೆ ಮೊದಲ ಸಲಕ್ಕೆ ಒಂದು ವರ್ಷದವರೆಗೆ ಸೆರೆ ವಿಧಿಸಬಹುದು. ಸಾಗಣೆಗೆ ಕಾಯಿದೆಯಲ್ಲಿ ಬರೆದಿರುವ ಕನಿಷ್ಠ ಶಿಕ್ಷೆಗಳು ಗಾಂಜಾದ ತೂಕವನ್ನು ನೋಡುತ್ತವೆಯೇ ಹೊರತು ಪಟ್ಟಿಯನ್ನಲ್ಲ.

ಪರವಾದಿಗಳು ನೆನಪಿಸುವ 2005ರ ತೀರ್ಪನ್ನು ಪೂರ್ತಿಯಾಗಿ ನೆನಪಿಸಿಕೊಳ್ಳಬೇಕು. ಡಯಾನ್ ಮಾನ್ಸನ್ ಎಂಬ ಕ್ಯಾಲಿಫೋರ್ನಿಯದ ಮಹಿಳೆ ಬೆನ್ನುನೋವಿಗಾಗಿ ಮನೆಯಲ್ಲಿ ಆರು ಗಿಡ ಬೆಳೆಸಿಕೊಂಡಿದ್ದರು. 2002ರಲ್ಲಿ ಅಧಿಕಾರಿಗಳು ಬಂದಾಗ, ಇದು ರಾಜ್ಯದ ಕಾನೂನಿಗೆ ಒಪ್ಪುವಂಥದ್ದೇ ಎಂದು ಕೌಂಟಿಯ, ಅಂದರೆ ಸ್ಥಳೀಯ ಜಿಲ್ಲೆಯ, ಅಧಿಕಾರಿಗಳು ತೀರ್ಮಾನಿಸಿದರು. ಹಾಗಿದ್ದರೂ ಮೂರು ಗಂಟೆಗಳ ಹಗ್ಗಜಗ್ಗಾಟದ ನಂತರ ಫೆಡರಲ್ ಅಧಿಕಾರಿಗಳು ಆರೂ ಗಿಡಗಳನ್ನು ವಶಪಡಿಸಿಕೊಂಡು ನಾಶಮಾಡಿದರು. ಮಾನ್ಸನ್ ಮತ್ತು ಇನ್ನೊಬ್ಬ ರೋಗಿ ಏಂಜೆಲ್ ರೈಚ್ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟು 6–3ರ ಬಹುಮತದಿಂದ, ಅಂತರರಾಜ್ಯ ವ್ಯಾಪಾರವನ್ನು ನಿಯಂತ್ರಿಸುವ ಅಧಿಕಾರ ಮನೆಯ ಹಿತ್ತಿಲಿನ ಗಿಡಕ್ಕೂ ಚಾಚುತ್ತದೆಂದು ಹೇಳಿತು. ಆ ಅಧಿಕಾರ ಮೊದಲ ಪಟ್ಟಿಯ ಮೇಲೆ ಹೇಗೋ ಮೂರನೆಯದರ ಮೇಲೂ ಹಾಗೆಯೇ ಇದೆ. ಮರುವರ್ಗೀಕರಣವನ್ನು ಹೆಸರಿಸಿದ ಅದೇ ತೀರ್ಪು, ಅದಕ್ಕಿಂತ ಮುಖ್ಯವಾದದ್ದು ಸಂಸತ್ತಿನಲ್ಲಿ ಮತದಾರರ ದನಿ ಕೇಳಿಬರುವುದು ಎಂದೂ ಹೇಳಿತ್ತು.

ನೌಕರಿಯ ವಿಷಯ ಇನ್ನೂ ನೋವಿನದು. ಹದಿಹರೆಯದಲ್ಲಿ ಕಾರು ಅಪಘಾತಕ್ಕೆ ಸಿಕ್ಕಿ ಕೈಕಾಲುಗಳ ಸ್ವಾಧೀನ ಕಳೆದುಕೊಂಡ ಕೊಲರಾಡೊದ ಬ್ರಾಂಡನ್ ಕೋಟ್ಸ್, ಸ್ನಾಯು ಸೆಳೆತ ತಡೆಯಲು ರಾಜ್ಯದ ಪರವಾನಗಿ ಪಡೆದು ಮನೆಯಲ್ಲಿ, ಕೆಲಸದ ಹೊತ್ತಿನ ಆಚೆಗೆ ಗಾಂಜಾ ಬಳಸುತ್ತಿದ್ದರು. ಪರೀಕ್ಷೆಯಲ್ಲಿ ಅದು ಗೊತ್ತಾಗಿ 2010ರಲ್ಲಿ ಕೆಲಸ ಹೋಯಿತು. ಸಕ್ರಮ ಎನ್ನಬೇಕಾದರೆ ರಾಜ್ಯದ ಕಾನೂನಿಗೂ ಫೆಡರಲ್ ಕಾನೂನಿಗೂ ಒಪ್ಪಿಗೆಯಾಗಿರಬೇಕೆಂದು ಆ ರಾಜ್ಯದ ಸುಪ್ರೀಂ ಕೋರ್ಟು 2015ರಲ್ಲಿ ಸರ್ವಾನುಮತದಿಂದ ತೀರ್ಪಿತ್ತಿತು. ಚೀಟಿಯಿಲ್ಲದ ಮೂರನೇ ಪಟ್ಟಿಯ ವಸ್ತು ಆ ಒರೆಗಲ್ಲಿಗೆ ನಿಲ್ಲಲಾರದು.

ಅಮೆರಿಕದಲ್ಲಿ ವೀಸಾ ಅಥವಾ ಗ್ರೀನ್ ಕಾರ್ಡಿನ ಮೇಲೆ ನೆಲೆಸಿರುವ ಕನ್ನಡಿಗರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು. ವಲಸೆ ಕಾನೂನು ಕೇಳುವುದು ನಿಯಂತ್ರಿತ ವಸ್ತು ಹೌದೋ ಅಲ್ಲವೋ ಎಂದಷ್ಟೇ. ಐದರಲ್ಲಿ ಯಾವ ಪಟ್ಟಿಯದೆಂದು ಕೇಳುವುದಿಲ್ಲ. ರಾಜ್ಯದಲ್ಲಿ ಸಕ್ರಮವಾಗಿದ್ದರೂ ಗಾಂಜಾದ ಬಳಕೆ, ಆ ಉದ್ಯಮದಲ್ಲಿ ಮಾಡಿದ ನೌಕರಿ ಕೂಡ ಪೌರತ್ವದ ಅರ್ಜಿಗೆ ಮುಳುವಾಗಬಹುದೆಂದು ವಲಸೆ ಇಲಾಖೆ 2019ರ ಏಪ್ರಿಲ್‌ನಲ್ಲಿ ಲಿಖಿತವಾಗಿಯೇ ತಿಳಿಸಿದೆ. ಪಟ್ಟಿ ಬದಲಾದ ಸುದ್ದಿ ಓದಿ, ಇನ್ನು ತೊಂದರೆಯಿಲ್ಲವೆಂದು ನಂಬಿ, ಸ್ಯಾನ್ ಹೋಸೆಯ ಮಳಿಗೆಯಿಂದ ಮಂಡಿನೋವಿಗೆ ಗಾಂಜಾ ಎಣ್ಣೆ ಕೊಂಡು ಅದನ್ನು ವಿಮಾನ ನಿಲ್ದಾಣದಲ್ಲಿ ಅಧಿಕಾರಿಯ ಮುಂದೆ ಮುಗ್ಧವಾಗಿ ಒಪ್ಪಿಕೊಳ್ಳುವವರ ಗತಿಯನ್ನು ನೆನೆದರೆ ನನಗೆ ಆತಂಕವಾಗುತ್ತದೆ.

ಇನ್ನು ವೈದ್ಯಶಾಸ್ತ್ರದ ಮಾತು. ಗಾಂಜಾ ಗಿಡದಿಂದಲೇ ತೆಗೆದ ಕ್ಯಾನಬಿಡಿಯಾಲ್ ಔಷಧಿ ಎಪಿಡಿಯೊಲೆಕ್ಸ್, ಎರಡು ವಿರಳ ಬಗೆಯ ಮೂರ್ಛೆರೋಗಗಳ ಮೇಲೆ ಪರೀಕ್ಷೆಗೊಳಗಾಗಿ 2018ರಲ್ಲಿ ಎಫ್‌ಡಿಎ ಅನುಮೋದನೆ ಪಡೆಯಿತು. ಮೊದಲ ಪಟ್ಟಿಯ ಕಾಲದಲ್ಲಿಯೂ ಅದು ಸಾಧ್ಯವಾಯಿತು. ಮಗುವಿಗೆ ಎಷ್ಟು ಮಿಲಿಗ್ರಾಂ ಕೊಡಬೇಕೆಂಬುದು ತಾಯಿಗೆ ಗೊತ್ತಿರುತ್ತದೆ. ಮಳಿಗೆಯ ಗಾಂಜಾದ ಕಥೆ ಹಾಗಲ್ಲ. ಅಧಿಕಾರಿಗಳು ವಶಪಡಿಸಿಕೊಂಡ ಮಾದರಿಗಳಲ್ಲಿ 1995ರಲ್ಲಿ ಸರಾಸರಿ ಶೇ 4ರಷ್ಟಿದ್ದ ಟಿಎಚ್‌ಸಿ 2014ರ ವೇಳೆಗೆ ಶೇ 12ರ ಆಸುಪಾಸಿಗೆ ಏರಿತ್ತು. ಎಷ್ಟು ಪ್ರಮಾಣ, ಎಷ್ಟು ದಿನ, ಬೇರೆ ಮಾತ್ರೆಗಳ ಜೊತೆ ಹೊಂದುವುದೇ ಎಂಬುದನ್ನು ಮಾರುವವರೇ ಹೇಳಬೇಕಾದ ಸ್ಥಿತಿಯಿದೆ. ರಾಜ್ಯಗಳಲ್ಲಿ ಬಳಕೆ ವ್ಯಾಪಕವಾಗಿದೆಯೆಂಬುದನ್ನೇ ವೈದ್ಯಕೀಯ ಅಂಗೀಕಾರದ ಒಂದು ಆಧಾರವನ್ನಾಗಿ 2023ರ ಪರಿಶೀಲನೆ ಎಣಿಸಿಕೊಂಡದ್ದು, ನನ್ನ ದೃಷ್ಟಿಯಲ್ಲಿ, ಪರೀಕ್ಷೆಯ ಜಾಗದಲ್ಲಿ ರೂಢಿಯನ್ನು ತಂದು ಕೂರಿಸಿದಂತೆ.

280ಇ ವಿಧಿಯ ಭಾರ ಇಳಿಯುವುದು ಮಾತ್ರ ಖಚಿತ, ಆದರೆ ಮಾರಾಟಗಾರರ ಕೈಗೆ ಉಳಿಯುವ ಆ ಹಣ ರೋಗಿಯ ಬಿಲ್ಲಿನಲ್ಲಿ ಇಳಿಯಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ. ರೋಗಿಯನ್ನು ಕಾಪಾಡುತ್ತ ಬಂದಿರುವುದು ಬೇರೆಯೇ ಒಂದು ತಡೆಗೋಡೆ: ರಾಜ್ಯಗಳ ವೈದ್ಯಕೀಯ ಗಾಂಜಾ ಕಾನೂನುಗಳನ್ನು ತಡೆಯಲು ನ್ಯಾಯ ಇಲಾಖೆ ಹಣ ಖರ್ಚು ಮಾಡುವಂತಿಲ್ಲವೆಂದು 2014ರ ಡಿಸೆಂಬರ್‌ನಲ್ಲಿ ವೆಚ್ಚದ ಮಸೂದೆಗೆ ಸೇರಿಸಿದ ರೋರಾಬ್ಯಾಕರ್–ಫಾರ್ ತಿದ್ದುಪಡಿ. ಅದು ಕಾಯಂ ಕಾನೂನಲ್ಲ. ವೆಚ್ಚದ ಮಸೂದೆಯ ಜೊತೆ ಅದನ್ನೂ ಮತ್ತೆ ಮತ್ತೆ ನವೀಕರಿಸಬೇಕು. ಸಂಸತ್ತು ಅದನ್ನು ಕಾಯಂಗೊಳಿಸಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಆ ಕೆಲವು ಸಾಲುಗಳು ಬಿಟ್ಟುಹೋದ ವರ್ಷ, ಹಿತ್ತಿಲಿನಲ್ಲಿ ಆರು ಗಿಡ ಬೆಳೆಸಿಕೊಂಡ ಇನ್ನೊಬ್ಬ ಮಹಿಳೆಯ ಬಾಗಿಲು ತಟ್ಟುವ ಅಧಿಕಾರಿಗೆ, ಗಾಂಜಾ ಮೊದಲ ಪಟ್ಟಿಯಲ್ಲಿದೆಯೋ ಮೂರನೆಯದರಲ್ಲಿದೆಯೋ ಎಂದು ನೋಡುವ ಅಗತ್ಯವೇ ಬೀಳುವುದಿಲ್ಲ.