ಅಂಚೆ ಚೀಟಿ ಇಲ್ಲದ ಡಬ್ಬಿ

ನ್ಯೂಜೆರ್ಸಿಯಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿಗೆ ಪಾರ್ಕಿನ್ಸನ್. ಕೈ ನಡುಗುತ್ತದೆ, ಪುಸ್ತಕ ಹಿಡಿಯಲು ಆಗುವುದಿಲ್ಲ. ಕಳೆದ ತಿಂಗಳು ಅವರಿಗೆ ಪೋಸ್ಟಿನಲ್ಲಿ ಬಂದಿದ್ದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಒಳಗೆ ತಂದುಕೊಟ್ಟೆ. ಸ್ಟಾಂಪ್ ಇರಲಿಲ್ಲ. ಆ ಜಾಗದಲ್ಲಿ ಇದು ಅಂಧರ ಅಂಚೆ, ಉಚಿತ ಎಂದು ಅಚ್ಚು ಹಾಕಿದ್ದರು. ಒಳಗೆ ಕ್ಯಾಸೆಟ್ಟಿನಂಥದ್ದು. ಅಜ್ಜಿ ಅದನ್ನು ಮೆಷೀನಿಗೆ ಹಾಕಿ ದಪ್ಪ ಗುಂಡಿ ಒತ್ತಿದರು. ಮೆಷೀನು ಪುಸ್ತಕ ಓದತೊಡಗಿತು! ಕೇಳಿ ಮುಗಿದ ಮೇಲೆ ವಿಳಾಸದ ಚೀಟಿ ತಿರುಗಿಸಿಟ್ಟರೆ ಸಾಕು, ಪೋಸ್ಟಿನವರೇ ವಾಪಸ್ ಒಯ್ಯುತ್ತಾರೆ. ಡಬ್ಬಿ ಕಳಿಸುವುದು ಲೈಬ್ರರಿ. ಮೆಷೀನು ಕೂಡ ಅವರದೇ, ಬಾಡಿಗೆ ಇಲ್ಲ.

ಆ ರಾತ್ರಿ ದಾವಣಗೆರೆಯ ಅಪ್ಪಾಜಿ ತುಂಬಾ ನೆನಪಾದರು.

ಅಪ್ಪಾಜಿ ಕಾಟನ್ ಮಿಲ್ಲಿನಲ್ಲಿ ದುಡಿದವರು. ಪಾಳಿ ಮುಗಿಸಿ ಲೈಬ್ರರಿಗೆ ಹೋಗಿ, ಪೇಪರ್ ಪೂರ್ತಿ ಓದಿಯೇ ಮನೆಗೆ ಬರುತ್ತಿದ್ದರು. ಐದು ವರ್ಷದ ಹಿಂದೆ ಕಣ್ಣಿನ ನರ ಒಣಗಿದೆ ಅಂದರು ಡಾಕ್ಟರು. ಆಮೇಲೂ ಕೋಲು ಹಿಡಿದು ಹೋದರು. ಬಾಗಿಲಿಗೆ ಆರು ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ ಇಲ್ಲ. ಒಂದು ದಿನ ಜಾರಿ ಬಿದ್ದರು. ಅಲ್ಲಿದ್ದವರು ಎತ್ತಿ ಕೂರಿಸಿ ನೀರು ಕೊಟ್ಟರು. "ಯಜಮಾನ್ರೇ, ನೀವ್ಯಾಕೆ ಬರಾಕ್ ಹೋದ್ರಿ, ಮಗನ್ನ ಕಳಿಸ್ರಿ" ಅಂದರು. ಪ್ರೀತಿಯಿಂದಲೇ ಅಂದದ್ದು. ಅಪ್ಪಾಜಿ ಮತ್ತೆ ಆ ಕಡೆ ಹೋಗಲಿಲ್ಲ.

ನನಗೆ ಚುಚ್ಚುವುದು ಆ ಮಾತೇ. ಮಗನನ್ನು ಕಳಿಸಿದರೆ ಮಗ ಓದಿಯಾನು. ಅಪ್ಪಾಜಿ ಓದಿದಂತೆ ಆಯಿತೇ? ನಮ್ಮ ಕಡೆ ಮನೆ ಕಂದಾಯದ ಜೊತೆ ನೂರಕ್ಕೆ ಆರು ರೂಪಾಯಿ ಗ್ರಂಥಾಲಯ ಕರ ಕಟ್ಟುತ್ತೇವೆ. ಅಪ್ಪಾಜಿ ಒಂದು ವರ್ಷವೂ ಅದನ್ನು ಬಾಕಿ ಇಟ್ಟವರಲ್ಲ. ಹಾಗಾದರೆ ಆ ಮೆಟ್ಟಿಲ ಪಕ್ಕ ಒಂದು ಇಳಿಜಾರು, ಒಂದು ಕಂಬಿ ಕೇಳುವುದು ಜಾಸ್ತಿ ಆಯ್ತಾ? ಇಂಥ ಅನುಕೂಲ ಇರಬೇಕು ಅಂತ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಹೇಳುತ್ತದೆ.

ಇಲ್ಲಿ ಅಮೆರಿಕದಲ್ಲಿ ಹೀಗೆ ಪುಸ್ತಕ ಒದಗಿಸುವ ಕೆಲಸ ಶುರುವಾದದ್ದು 1931ರಲ್ಲಿ, ಮೊದಲು ಅಂಧರಿಗೆ ಮಾತ್ರ. 1966ರಲ್ಲಿ ಪುಸ್ತಕ ಹಿಡಿಯಲಾಗದವರನ್ನೂ ಸೇರಿಸಿದರು. ಅದಕ್ಕೇ ಕಣ್ಣು ಚೆನ್ನಾಗಿರುವ ಅಜ್ಜಿಗೂ ಡಬ್ಬಿ ಬರುತ್ತದೆ. ಅವರು ಯಾರ ಹತ್ತಿರವೂ ಬೇಡಿಕೊಳ್ಳಬೇಕಾಗಿಲ್ಲ. ಅರ್ಜಿ ಹಾಕಿದರು, ಬಂತು, ಅಷ್ಟೆ.

ನಮ್ಮಲ್ಲಿ ಏನೂ ಇಲ್ಲ ಅಂದುಕೊಂಡೇ ಹುಡುಕಲು ಕೂತೆ. ಇದೆ. ಬ್ರೈಲ್ ಪುಸ್ತಕದ ಕಟ್ಟು ಏಳು ಕೆಜಿವರೆಗೆ ನಮ್ಮ ಅಂಚೆಯಲ್ಲೂ ಉಚಿತ. ಓದಲಾಗದವರಿಗೆಂದೇ ಸುಗಮ್ಯ ಪುಸ್ತಕಾಲಯ ಅನ್ನುವ ಆನ್‌ಲೈನ್ ಲೈಬ್ರರಿ 2016ರಿಂದ ಇದೆ. ನಮ್ಮ ದಾವಣಗೆರೆಯಲ್ಲೇ ಅಂಗವಿಕಲರಿಗಾಗಿ ಕೇಂದ್ರ ಸರ್ಕಾರದ ಒಂದು ಪ್ರಾದೇಶಿಕ ಕೇಂದ್ರವಿದೆ. ಐದು ವರ್ಷದಲ್ಲಿ ಒಬ್ಬರೂ ಅಪ್ಪಾಜಿಗೆ ಇದನ್ನು ಹೇಳಲಿಲ್ಲ. ಕೇಳಬೇಕಾದ ನಾನೂ ಕೇಳಲಿಲ್ಲ.

ಇನ್ನೊಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಅಜ್ಜಿಯ ಮಗಳು ಇರುವುದು ಕ್ಯಾಲಿಫೋರ್ನಿಯಾದಲ್ಲಿ. ವಾರಗಟ್ಟಲೆ ಆ ಮನೆಯಲ್ಲಿ ಕೇಳುವ ದನಿ ಮೆಷೀನಿನದು ಮಾತ್ರ. ಅಪ್ಪಾಜಿಗೆ ಎದುರು ಮನೆಯ ಹುಡುಗ ದಿನಾ ಸಂಜೆ ಕಟ್ಟೆ ಮೇಲೆ ಕೂತು ಪೇಪರ್ ಓದಿ ಹೇಳುತ್ತಾನೆ. ಅತ್ತಿಗೆ ಮಂಡಕ್ಕಿ ಮೆಣಸಿನಕಾಯಿ ತಂದಿಡುತ್ತಾರೆ. ಹೋಗುವವರು ಬರುವವರು ನಿಂತು ವಾದ ಮಾಡುತ್ತಾರೆ. ಅಂಥ ಸಂಜೆ ನಮ್ಮ ಅಜ್ಜಿಗೆ ಇಲ್ಲ.

ಆದರೂ ಮಾರ್ಚ್ ಬಂದರೆ ಆ ಹುಡುಗನಿಗೆ ಪರೀಕ್ಷೆ. ಆ ತಿಂಗಳು ಅಪ್ಪಾಜಿಗೆ ಪೇಪರ್ ಇಲ್ಲ.

ಮೊನ್ನೆ ಫೋನಿನಲ್ಲಿ ಎಲ್ಲ ಹೇಳಿದೆ. ದೀಪಾವಳಿಗೆ ಬಂದಾಗ ಪುಸ್ತಕ ಓದುವ ಮೆಷೀನು ತರುತ್ತೇನೆ, ಸುಗಮ್ಯಕ್ಕೆ ಹೆಸರು ಬರೆಸುತ್ತೇನೆ ಅಂದೆ. ಅಪ್ಪಾಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅದು ಇರ್ಲಪ್ಪಾ. ಮೊದ್ಲು ಆ ಮೆಟ್ಲಿಗೆ ಒಂದು ಕಂಬಿ ಹಾಕ್ಸಾಕೆ ಆಗತ್ತೇನು ನೋಡು. ನನ್ನ ಜೊತೆಯವ್ರೆಲ್ಲ ಇನ್ನೂ ಅಲ್ಲೇ ಕೂರ್ತಾರೆ" ಅಂದರು.