ಕರೆಯದ ನೆಂಟನಿಗೆ ಹತ್ತು ಪಟ್ಟು ಬಡಿಸಿದ್ದು

2024ರ ಏಪ್ರಿಲ್‌ನಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಒಂದು ದಶಮಾಂಶ ಬಿಂದುವನ್ನು ಒಂದು ಸ್ಥಾನ ಬಲಕ್ಕೆ ಸರಿಸಿತು. ಪ್ರತ್ಯೇಕ ಮಿತಿ ಗೊತ್ತುಪಡಿಸದ ಕೀಟನಾಶಕಗಳ ಶೇಷವು ಸಂಬಾರ ಪದಾರ್ಥ ಮತ್ತು ಅಡುಗೆಯ ಪರಿಮಳದ ಸೊಪ್ಪುಗಳಲ್ಲಿ ಕಿಲೋಗೆ 0.01 ಮಿಲಿಗ್ರಾಂ ಮೀರಬಾರದೆಂದಿದ್ದುದು 0.1 ಮಿಲಿಗ್ರಾಂ ಆಯಿತು. ಪತ್ರಿಕೆಗಳು ಇದನ್ನು ಹತ್ತು ಪಟ್ಟು ಎಂದು ಬರೆದವು. ಮೇ ಮೊದಲ ವಾರದ ಸರ್ಕಾರಿ ಪ್ರಕಟಣೆಯು ಆ ವರದಿಗಳು ಸುಳ್ಳು ಹಾಗೂ ದುರುದ್ದೇಶಪೂರಿತ ಎಂದು ಗದರಿಸಿ, ಅದೇ ಹಾಳೆಯಲ್ಲಿ 0.01 ಇದ್ದದ್ದನ್ನು 0.1ಕ್ಕೆ ಏರಿಸಿರುವುದಾಗಿಯೂ ತಿಳಿಸಿತು. ಹತ್ತರ ಮಗ್ಗಿಗೂ ದುರುದ್ದೇಶ ಇರಬಹುದೆಂದು ನಮ್ಮ ಮೇಷ್ಟ್ರು ಹೇಳಿಕೊಟ್ಟಿರಲಿಲ್ಲ.

ಸಮಾಧಾನವೂ ಅಲ್ಲೇ ಇತ್ತು: ಈ ಸಡಿಲಿಕೆ ಭಾರತದಲ್ಲಿ ನೋಂದಣಿಯೇ ಆಗದ ಕೀಟನಾಶಕಗಳಿಗೆ ಮಾತ್ರವಂತೆ. ಎಂದರೆ, ಲಗ್ನಪತ್ರಿಕೆ ಕೊಡದ ನೆಂಟ ಪಂಕ್ತಿಯಲ್ಲಿ ಬಂದು ಕೂತರೆ ಅವನನ್ನು ಏಳಿಸಬೇಕಾಗಿಲ್ಲ, ಹತ್ತು ಸೌಟು ಬಡಿಸಿದರಾಯಿತು. ಐರೋಪ್ಯ ಒಕ್ಕೂಟದಲ್ಲಿ ಇಂಥ ನೆಂಟನಿಗೆ 0.01 ಮಾತ್ರ, ಅವರಿಗೆ ಅತಿಥಿ ಸತ್ಕಾರ ಗೊತ್ತಿಲ್ಲ.

ಪ್ರಯೋಗಾಲಯದವರ ಕಷ್ಟವನ್ನೂ ಹೇಳಬೇಕು. ಸೊಪ್ಪನ್ನು ನುಣ್ಣಗೆ ಅರೆದು, ಹತ್ತು ಗ್ರಾಂನಷ್ಟನ್ನು ನಳಿಕೆಗೆ ಹಾಕಿ, ಅಸಿಟೋನೈಟ್ರೈಲ್ ಎಂಬ ದ್ರಾವಕ ಸುರಿದು, ಲವಣ ಬೆರೆಸಿ ಕುಲುಕಿ, ತಿರುಗಿಸಿ ಬೇರ್ಪಡಿಸಿದ ತಿಳಿಯನ್ನು ಯಂತ್ರಕ್ಕೆ ಕೊಟ್ಟರೆ, ಎಲೆಯ ಹಸಿರು ಮತ್ತು ಸುಗಂಧ ತೈಲಗಳೇ ಅಳತೆಗೆ ಅಡ್ಡ ಬರುತ್ತವೆ. ಇಷ್ಟಾಗಿ ಸಿಕ್ಕ ಅಂಕಿಯನ್ನು ದಿನಕ್ಕೆ ತಿನ್ನುವ ಪ್ರಮಾಣದಿಂದ ಗುಣಿಸಿ, ದೇಹದ ತೂಕದಿಂದ ಭಾಗಿಸಿ, ದಿನವೂ ಸೇವಿಸಿದರೂ ಅಪಾಯವಿಲ್ಲವೆನ್ನುವ ಮಟ್ಟದೊಂದಿಗೆ ಹೋಲಿಸುತ್ತಾರೆ. ಲೆಕ್ಕ ಹಗುರವಾಗುವುದು ಆ ತಿನ್ನುವ ಪ್ರಮಾಣ ಚಿಟಿಕೆಯಷ್ಟೇ ಎಂದು ಹಿಡಿದಾಗ. ಒಗ್ಗರಣೆಯ ಕರಿಬೇವನ್ನು ಆರಿಸಿ ಬಾಳೆಲೆಯ ಅಂಚಿಗೆ ತಳ್ಳುವ ಪ್ರತಿಯೊಬ್ಬನೂ ತನಗೆ ಅರಿವಿಲ್ಲದೆಯೇ ರಾಷ್ಟ್ರದ ಆಹಾರ ಸುರಕ್ಷತೆಯನ್ನು ಕಾಪಾಡುತ್ತಿದ್ದಾನೆ. ಇಡೀ ಕಟ್ಟು ಕೊತ್ತಂಬರಿ ರುಬ್ಬಿ ಚಟ್ನಿ ಮಾಡುವ, ಅಕ್ಕಿರೊಟ್ಟಿಗೆ ಹಿಡಿಗಟ್ಟಲೆ ಸಬ್ಬಸಿಗೆ ಹಾಕುವ ಮನೆಗಳು ಮಾತ್ರ ಈ ಗಣಿತಕ್ಕೆ ದ್ರೋಹ ಬಗೆಯುತ್ತಿವೆ.

ಮೊನ್ನೆ ಸಂತೆಯಲ್ಲಿ ಸೊಪ್ಪಿನ ಅಜ್ಜಿಯನ್ನು, ‘ಔಷಧಿ ಹೊಡೆದಿದ್ದಾರೇನಜ್ಜಿ?’ ಎಂದೆ. ವಿಷಕ್ಕೆ ಔಷಧಿ ಎಂದು ಹೆಸರಿಟ್ಟವರು ಇಂಥ ಎಷ್ಟು ಪ್ರಕಟಣೆಗಳನ್ನಾದರೂ ಬರೆಯಬಲ್ಲರು. ಅಜ್ಜಿ ಉತ್ತರಿಸದೆ ಕಟ್ಟಿನ ಮೇಲೆ ನೀರು ಚಿಮುಕಿಸಿ, ಇಪ್ಪತ್ತು ರೂಪಾಯಿ ಎಣಿಸಿಕೊಂಡು, ಕೇಳದಿದ್ದರೂ ನಾಲ್ಕು ಎಸಳು ಕರಿಬೇವನ್ನು ಚೀಲಕ್ಕೆ ತುರುಕಿದಳು. ‘ಕೊಸರು, ಇರಲಿ ತಗೋ ಮಗಾ.’