ಮದ್ದೂರಿನ ಕಾಕ, ಫೀನಿಕ್ಸಿನ ಕಂಪ್ರೆಸರ್

“ಗಾಳಿ ಹೊಡ್ಯಕ್ಕೂ ಒಂದು ಮಿಷನ್ ತಗಂಡ್ಯೇನ್ಲಾ?” ಅಂತ ಅಪ್ಪ ಫೋನಿನಲ್ಲಿ ನಕ್ಕರು. ಎಷ್ಟು ಕೊಟ್ಟೆ ಅಂತ ಕೇಳಿದರು. ಡಾಲರಿನಲ್ಲೇ ಹೇಳಿ ಮಾತು ಹಾರಿಸಲು ನೋಡಿದೆ. ಅವರು ರೂಪಾಯಿಗೆ ಗುಣಿಸಿಕೊಂಡರು. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಇಲ್ಲ.

ಅಪ್ಪನಿಗೆ ಟೈರಿನ ಪಾಡು ಗೊತ್ತಿಲ್ಲದ್ದೇನಲ್ಲ. ಮದ್ದೂರಿನ ಹತ್ತಿರ ನಮ್ಮ ಊರು. ಮನೆಯಲ್ಲಿ ಟ್ರ್ಯಾಕ್ಟರು, ಅದಕ್ಕೊಂದು ಟ್ರೈಲರ್. ಕಬ್ಬಿನ ಕಾಲ ಬಂದರೆ ಅದು ಫ್ಯಾಕ್ಟರಿ ಮುಂದಿನ ಸಾಲಿನಲ್ಲೇ ನಿಂತಿರುತ್ತಿತ್ತು. ಆದರೆ ಅಪ್ಪ ಒಂದು ದಿನವೂ ಸ್ವಂತ ಕೈಯಿಂದ ಟೈರಿಗೆ ಗಾಳಿ ಹೊಡೆದದ್ದನ್ನು ನಾನು ನೋಡಿಲ್ಲ. ಅದಕ್ಕೆ ಕಾಕ ಇದ್ದರು. ಹೆದ್ದಾರಿ ಪಕ್ಕ, ಹುಣಸೆ ಮರದ ಕೆಳಗೆ ಅವರ ತಗಡಿನ ಶೆಡ್ಡು. ಒಂದು ಹಳೇ ಟೈರಿನ ಮೇಲೆ ಸುಣ್ಣದಲ್ಲಿ ‘ಪಂಚರ್’ ಅಂತ ಬರೆದು ರಸ್ತೆಗೆ ಕಾಣುವ ಹಾಗೆ ಒರಗಿಸಿದ್ದರು. ಕೇರಳದಿಂದ ಬಂದವರು. ಕನ್ನಡವನ್ನು ನಮ್ಮಷ್ಟೇ ಜೋರಾಗಿ ಮಾತಾಡೋರು. ಒಳಗೆ ಬೆಲ್ಟ್ ತಿರುಗುವ ಕಂಪ್ರೆಸರ್, ಅದರ ಹೊಟ್ಟೆಯ ಹಾಗೆ ಒಂದು ಕೆಂಪು ಟ್ಯಾಂಕು. ಕರೆಂಟ್ ಹೋದರೆ ಟ್ಯಾಂಕಿನಲ್ಲಿ ಉಳಿದ ಗಾಳಿಯಲ್ಲೇ ಎರಡು ಟೈರು ದಾಟಿಸಿಬಿಡುತ್ತಿದ್ದರು.

ಕಾಕ ಪೈಪ್ ಹಚ್ಚುವ ಮೊದಲು ಟೈರಿನ ಸುತ್ತ ಒಂದು ಸಲ ಅಂಗೈ ಆಡಿಸೋರು. ಮೊಳೆ ಇದ್ದರೆ ಅಲ್ಲೇ ಸಿಗುತ್ತಿತ್ತು. ಹೊಡೆದಾದ ಮೇಲೆ ಬೆರಳಿಗೆ ಎಂಜಲು ಹಚ್ಚಿ ವಾಲ್ವಿನ ಬಾಯಿಗೆ ಇಟ್ಟು, ಗುಳ್ಳೆ ಏಳುತ್ತದಾ ಅಂತ ಬಗ್ಗಿ ನೋಡೋರು. ಎದ್ದರೆ ಪಿನ್ ಬಿಗಿ ಮಾಡಿ, ಮತ್ತೆ ಎಂಜಲು.

ನಾನು ಈಗ ಇರುವುದು ಅಮೆರಿಕದ ಅರಿಜೋನದಲ್ಲಿ, ಫೀನಿಕ್ಸಿನಲ್ಲಿ. ಇಲ್ಲೂ ನಮ್ಮ ಮನೆಯಲ್ಲಿ ಒಂದು ಟ್ರೈಲರ್ ಇದೆ. ಇದರೊಳಗೆ ಹಾಸಿಗೆ, ಒಲೆ, ಸಣ್ಣದೊಂದು ಬಚ್ಚಲು. ಸೆಕೆಂಡ್ ಹ್ಯಾಂಡ್, 22 ಅಡಿ ಉದ್ದ, ಎರಡು ಆಕ್ಸಲ್, ನಾಲ್ಕು ಟೈರು. ಬೇಸಿಗೆಯಲ್ಲಿ ಫೀನಿಕ್ಸ್ 43 ಡಿಗ್ರಿ ದಾಟಿದಾಗ ಎಲ್ಲರೂ ಇಂಥದ್ದೊಂದನ್ನು ಗಾಡಿ ಹಿಂದೆ ಕಟ್ಟಿಕೊಂಡು ಫ್ಲಾಗ್‌ಸ್ಟಾಫ್ ಕಡೆ ಬೆಟ್ಟ ಹತ್ತುತ್ತಾರೆ. ನಾವೂ ಹತ್ತಿದೆವು.

ಮೊದಲ ಸಲದ್ದು ಹೇಳಿಬಿಡುತ್ತೇನೆ. ಇಂಟರ್ನೆಟ್ಟಿನಲ್ಲಿ ಒಂದು ಪುಟ್ಟ ಗಾಳಿ ಮಷೀನು ತರಿಸಿದ್ದೆ. ಟಿಫಿನ್ ಡಬ್ಬಿಯಷ್ಟು ಗಾತ್ರ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ 150 ಪಿಎಸ್‌ಐ ಅಂತ ಹಾಕಿದ್ದರು. ಟೈರಿನ ಗಾಳಿಯ ಒತ್ತಡ ಅಳೆಯಲು ಊರಲ್ಲಿ ನಾವು ‘ಪಾಯಿಂಟ್’ ಅಂತೀವಲ್ಲ, ಅದೇ. ನನ್ನ ಟೈರಿಗೆ ಬೇಕಾದದ್ದು 65. ಅದರ ಎರಡರಷ್ಟಕ್ಕಿಂತ ಜಾಸ್ತಿ ಇದೆ, ಇನ್ನೇನು ಬೇಕು ಅಂದುಕೊಂಡೆ. ಹೊರಡುವ ದಿನ ಬೆಳಿಗ್ಗೆ ನೋಡಿದರೆ ನಾಲ್ಕೂ ಟೈರು 52ರ ಆಸುಪಾಸು. ಮಷೀನಿನ ವೈರು ಗಾಡಿಯ ಸಿಗರೇಟ್ ಲೈಟರಿಗೆ. ಆ ಸಾಕೆಟ್ ಇರುವುದು ಗಾಡಿಯ ಮುಂದೆ, ಟೈರು ಇರುವುದು ಟ್ರೈಲರಿನ ಹಿಂದೆ, ವೈರು ಇರುವುದು ಹತ್ತು ಅಡಿ. ಗಾಡಿ ಕಳಚಿ, ಟ್ರೈಲರಿನ ಪಕ್ಕಕ್ಕೆ ತಂದು ನಿಲ್ಲಿಸಿಕೊಂಡೆ. ಮೊದಲ ಟೈರಿಗೆ ಹತ್ತು ನಿಮಿಷ ಹಿಡಿಯಿತು. ಎರಡನೆಯದರ ಅರ್ಧದಲ್ಲಿ ಮಷೀನಿನ ಸದ್ದು ಬದಲಾಯಿತು. ಪೈಪಿನ ಹಿತ್ತಾಳೆ ತುದಿ ಬಿಚ್ಚಲು ಹೋಗಿ ಬೆರಳು ಸುಟ್ಟುಕೊಂಡೆ. ಮೂರನೆಯದಕ್ಕೆ ಫ್ಯೂಸೇ ಹೋಯಿತು. ಅದರ ಜೊತೆಗೆ ಫೋನ್ ಚಾರ್ಜರೂ ಹೋಯಿತು. ಮಗ ಕಿಟಕಿಯಿಂದ ಇಣುಕಿ “ಅಪ್ಪಾ, ಹೊರಡೋದು ಇವತ್ತೇನಾ?” ಅಂದ.

ತಪ್ಪು ಮಷೀನಿನದಲ್ಲ, ನನ್ನ ಲೆಕ್ಕದ್ದು. ಸೈಕಲ್ ಪಂಪು ತುಳಿದವರಿಗೆಲ್ಲ ಇದು ಗೊತ್ತಿರಬೇಕು. ಮೊದಲ ಇಪ್ಪತ್ತು ಸಲ ಸಲೀಸು. ಕೊನೆಯ ಹತ್ತು ಸಲ ಮೈಭಾರ ಹಾಕಿ ಒತ್ತಬೇಕು, ಒಳಗೆ ಹೋಗುವ ಗಾಳಿ ಒಂದಿಷ್ಟೇ, ಪಂಪಿನ ಬುಡ ಮುಟ್ಟಿದರೆ ಬಿಸಿ. ಈ ಮಷೀನುಗಳೂ ಹಾಗೇ. ಕಾರಿನ ಟೈರು 28ರಿಂದ 33ಕ್ಕೆ ಏರಿಸುವುದು ಒಂದು ಕೆಲಸ. 52ರಿಂದ 65ಕ್ಕೆ, ಅದೂ ನಾಲ್ಕು ಸಲ ಏರಿಸುವುದು ಬೇರೆಯೇ ಕೆಲಸ. ಮೇಲಾಗಿ ಲೈಟರ್ ಸಾಕೆಟ್ಟಿನ ಫ್ಯೂಸ್ 15 ಆಂಪ್ ಅಂದುಕೊಂಡರೂ ಸಿಗುವುದು 180 ವ್ಯಾಟ್. ಮಿಕ್ಸಿಯ ಅರ್ಧ ಬಲವೂ ಇಲ್ಲ. ಅಷ್ಟರಲ್ಲಿ 150 ಪಾಯಿಂಟ್ ಅನ್ನುವುದು, ಮೋಟಾರು ಉಸಿರು ಬಿಡುವ ಮೊದಲು ಗೇಜಿನ ಮುಳ್ಳು ಎಲ್ಲಿಯವರೆಗೆ ಹೋಗಬಹುದು ಅನ್ನುವ ಲೆಕ್ಕ, ಅಷ್ಟೇ.

ಹಾಗಾದರೆ ಏನು ನೋಡಿ ಕೊಳ್ಳಬೇಕು? ನಾನು ನೋಡುವುದು ಡ್ಯೂಟಿ ಸೈಕಲ್. ಅಂದರೆ ಎಷ್ಟು ಹೊತ್ತು ದುಡಿದರೆ ಎಷ್ಟು ಹೊತ್ತು ಸುಧಾರಿಸಿಕೊಳ್ಳಬೇಕು ಅನ್ನುವುದು. 100 ಪಾಯಿಂಟಿನಲ್ಲಿ 33 ಪರ್ಸೆಂಟ್ ಅಂತ ಬರೆದಿದ್ದರೆ ಹತ್ತು ನಿಮಿಷ ಕೆಲಸ, ಇಪ್ಪತ್ತು ನಿಮಿಷ ವಿಶ್ರಾಂತಿ. ಎಷ್ಟು ಪಾಯಿಂಟಿನಲ್ಲಿ ಅಂತ ಬರೆಯದೆ ಬರೀ ಪರ್ಸೆಂಟ್ ಹಾಕಿದ್ದರೆ ನಾನು ಆ ಕಡೆ ತಿರುಗಿಯೂ ನೋಡುವುದಿಲ್ಲ. ಇನ್ನೊಂದು, ಕರೆಂಟ್ ಎಲ್ಲಿಂದ ಎಳೆಯುತ್ತದೆ ಅನ್ನುವುದು. ಬ್ಯಾಟರಿಗೇ ಎರಡು ಕ್ಲಿಪ್ ಕಚ್ಚಿಸುವಂಥದ್ದೇ ಆಗಬೇಕು. ವಯೇರ್ (Viair) ಅನ್ನುವ ಕಂಪನಿಯ 88ಪಿ ಅನ್ನುವ ಸಣ್ಣ ಮಾದರಿ ಕೂಡ 20 ಆಂಪ್ ಎಳೆಯುತ್ತದೆ, ಕ್ಲಿಪ್ಪಿನದೇ. ಅದರ ಮಿತಿ 120 ಪಾಯಿಂಟ್. ಡಬ್ಬದ ಮೇಲಿನ ಅಂಕಿ ನನ್ನ ಹಳೇ ಟಿಫಿನ್ ಡಬ್ಬಿಗಿಂತ ಕಮ್ಮಿ, ಕೆಲಸ ಮಾತ್ರ ಜಾಸ್ತಿ. ನಾನು ಕೊನೆಗೆ ಕೊಂಡದ್ದು ಅದಕ್ಕಿಂತ ಒಂದು ಮೆಟ್ಟಿಲು ದೊಡ್ಡದು. ಇನ್ನೂರು ಡಾಲರ್ ದಾಟಿತು. ಅಪ್ಪ ಸುಮ್ಮನಾದದ್ದು ಅದಕ್ಕೇ.

ಒಂದು ಸಣ್ಣ ವಿಷಯ ಯಾರೂ ಹೇಳಿರಲಿಲ್ಲ. ಟ್ರೈಲರಿನ ಮೂತಿಯ ಮೇಲೇ ಅದರದೊಂದು 12 ವೋಲ್ಟ್ ಬ್ಯಾಟರಿ ಇರುತ್ತದೆ, ಒಳಗಿನ ದೀಪ, ನೀರಿನ ಪಂಪಿಗೆ ಅಂತ. ಕಂಪ್ರೆಸರನ್ನು ಅದಕ್ಕೇ ಕಚ್ಚಿಸಬಹುದು. ಗಾಡಿಯ ಬಾನೆಟ್ ಎತ್ತುವ ರಗಳೆಯೇ ಇಲ್ಲ. ಅಲ್ಲಿಂದ ಹಿಂದಿನ ಟೈರಿಗೆ ಗಾಳಿಯ ಪೈಪನ್ನು ಎಷ್ಟು ಉದ್ದ ಬೇಕೋ ಅಷ್ಟು ಎಳೆಯಿರಿ. ವೈರನ್ನು ಮಾತ್ರ ಉದ್ದ ಮಾಡಬೇಡಿ. ತೆಳ್ಳಗಿನ ವೈರಿನಲ್ಲಿ 30 ಆಂಪ್ ಓಡಿದರೆ ದಾರಿಯಲ್ಲೇ ವೋಲ್ಟೇಜ್ ಬಿದ್ದುಹೋಗುತ್ತದೆ, ಮೋಟಾರು ನರಳುತ್ತದೆ. ಪೈಪು ಉದ್ದವಾದರೆ ಹೋಗುವುದು ಕೆಲವು ಸೆಕೆಂಡು, ಅಷ್ಟೇ.

ಪಕ್ಕದ ಮನೆಯವರ ಗ್ಯಾರೇಜಿನಲ್ಲಿ ಮರಗೆಲಸದ ಕಂಪ್ರೆಸರ್ ಇದೆ, 6 ಗ್ಯಾಲನ್ ಟ್ಯಾಂಕಿನದು. ಟ್ಯಾಂಕು ಇರುವುದರಿಂದ ಅದನ್ನು ನೋಡಿದ ಕೂಡಲೇ ನನಗೆ ಕಾಕ ನೆನಪಾದರು. ಮನೆಯಲ್ಲೇ ಹೊಡೆಯುವುದಾದರೆ ಅದಕ್ಕೆ ಸಾಟಿ ಇಲ್ಲ. ಆದರೆ ಗೋಡೆಯ ಪ್ಲಗ್ ಬೇಕು. ಕಾಡಿನ ನಡುವೆ ಸಣ್ಣ ಜನರೇಟರ್ ಇದ್ದರೂ ಸ್ಟಾರ್ಟ್ ಆಗುವಾಗ ಅದು ಎಳೆಯುವ ಕರೆಂಟಿಗೆ ಜನರೇಟರೇ ಕೂತುಬಿಡುತ್ತದೆ. ಡ್ರಿಲ್ ಬ್ಯಾಟರಿಯಲ್ಲಿ ಓಡುವ ಮಷೀನುಗಳೂ ಬಂದಿವೆ. ಮನೆಯಲ್ಲಿ ಆ ಬ್ಯಾಟರಿ ಆಗಲೇ ಇದ್ದರೆ ತಗೊಳ್ಳಿ, ಇಲ್ಲದಿದ್ದರೆ ಸುಮ್ನೆ ಖರ್ಚು.

ಬಂಕಿನಲ್ಲಿ ಹೊಡೆಸಬಹುದಲ್ವಾ ಅಂತ ನೀವು ಕೇಳಬಹುದು. ನಮ್ಮ ಊರಲ್ಲಿ ಬಂಕಿನವರು ಗಾಳಿಯನ್ನು ಬಿಟ್ಟಿ ಕೊಡಲೇಬೇಕು ಅನ್ನುವುದು ನಿಯಮ. ಹುಡುಗ ಬಂದು ಹೊಡೆದು, ಕೊಟ್ಟರೆ ಹತ್ತು ರೂಪಾಯಿ ತಗೊಳ್ಳುತ್ತಾನೆ. ಇಲ್ಲಿ ನಮ್ಮ ಪಕ್ಕದ ರಾಜ್ಯ ಕ್ಯಾಲಿಫೋರ್ನಿಯಾದಲ್ಲಿ ಪೆಟ್ರೋಲ್ ಹಾಕಿಸಿದವರಿಗೆ ಗಾಳಿ, ನೀರು ಬಿಟ್ಟಿ ಕೊಡಬೇಕು ಅಂತ ಕಾನೂನೇ ಇದೆ. ಫೀನಿಕ್ಸಿನ ನಮ್ಮ ಬೀದಿಯ ಬಂಕಿನಲ್ಲಾದರೆ ಕಾರ್ಡ್ ಉಜ್ಜಬೇಕು, ಎರಡು ಡಾಲರಿಗೆ ಕೆಲವು ನಿಮಿಷ. ದುಡ್ಡಿನ ಮಾತು ಬಿಡಿ. ಆ ಮಷೀನು ಇರುವುದು ಒಂದು ಮೂಲೆಯಲ್ಲಿ. ಗಾಡಿ, ಟ್ರೈಲರ್ ಸೇರಿ ನಲವತ್ತು ಅಡಿ ಉದ್ದದ ಮೆರವಣಿಗೆ ಆ ಮೂಲೆಗೆ ತಿರುಗುವುದೇ ಇಲ್ಲ. ಇನ್ನು, ಬಂಕು ತಲುಪುವ ಹೊತ್ತಿಗೆ ಟೈರು ಓಡಿ ಬಿಸಿಯಾಗಿರುತ್ತದೆ. ಟೈರಿನ ಮೇಲೆ ಬರೆದ 65 ತಣ್ಣಗಿದ್ದಾಗಿನದು. ಬಿಸಿಯಾದಾಗ 72 ತೋರಿಸುತ್ತಿದೆ ಅಂತ ಗಾಳಿ ಬಿಟ್ಟಿರೋ, ಕೆಟ್ಟಿರಿ. ಹಾಗಾಗಿ ಹೊರಡುವ ಜಾಗದಲ್ಲೇ, ಬೆಳಗಿನ ತಂಪಿನಲ್ಲೇ ಹೊಡೆಯಬೇಕು. ಸ್ವಂತ ಮಷೀನು ಬೇಕಾಗುವುದು ಈ ಒಂದೇ ಕಾರಣಕ್ಕೆ.

ಫೀನಿಕ್ಸಿನಲ್ಲಿ ‘ತಂಪು’ ಅನ್ನುವುದಕ್ಕೂ ವಿವರಣೆ ಬೇಕು. ಜೂನ್‌ನಲ್ಲಿ ಐದೂಕಾಲಿಗೆಲ್ಲ ಬೆಳಕಾಗಿರುತ್ತದೆ. ಬಿಸಿಲು ಬಿದ್ದ ಕಡೆಯ ಎರಡು ಟೈರು ನೆರಳಿನ ಎರಡಕ್ಕಿಂತ ಮೂರು ನಾಲ್ಕು ಪಾಯಿಂಟ್ ಜಾಸ್ತಿ ತೋರಿಸುತ್ತವೆ. 65ರ ಟೈರಿನಲ್ಲಿ ಐದೂವರೆ ಡಿಗ್ರಿ ಸೆಲ್ಸಿಯಸ್ಸಿಗೆ ಹೆಚ್ಚುಕಮ್ಮಿ ಒಂದೂವರೆ ಪಾಯಿಂಟ್. ಮಜಾ ಏನೆಂದರೆ, ಫ್ಲಾಗ್‌ಸ್ಟಾಫ್ 7,000 ಅಡಿ ಎತ್ತರದಲ್ಲಿದೆ, ಫೀನಿಕ್ಸ್ 1,100. ಮೇಲೆ ಹೋದಂತೆ ಹೊರಗಿನ ಗಾಳಿಯ ಒತ್ತಡ ಇಳಿದು ಗೇಜು ಸುಮಾರು ಮೂರು ಪಾಯಿಂಟ್ ಏರುತ್ತದೆ. ಅಲ್ಲಿಯ ಚಳಿಗೆ ಹೆಚ್ಚುಕಮ್ಮಿ ಅಷ್ಟೇ ಇಳಿಯುತ್ತದೆ. ಮೊದಲ ಸಲ ಮೇಲೆ ಹೋಗಿ ಬೆಳಿಗ್ಗೆ ಗೇಜು ಇಟ್ಟಾಗ 65 ಅಂದರೆ 65. ಗೇಜು ಕೆಟ್ಟಿದೆ ಅಂತ ಬೈದುಕೊಂಡಿದ್ದೆ.

ಈಗ ನನ್ನ ತಕರಾರಿಗೆ ಬರುತ್ತೇನೆ. ಹೊಸ ಮಷೀನುಗಳಲ್ಲಿ 65 ಅಂತ ಒತ್ತಿ ಬಿಟ್ಟರೆ ತಾನೇ ನಿಲ್ಲುತ್ತದೆ. ಎಲ್ಲರೂ ಅದನ್ನೇ ಹೊಗಳುತ್ತಾರೆ. ನನಗೆ ಅದು ಬೇಡ. ಅದು ಓಡುತ್ತಿರುವಾಗ ಮನುಷ್ಯ ಒಳಗೆ ಹೋಗಿ ಕಾಫಿ ಕುಡಿಯುತ್ತಾನೆ. ಕಾಕ ಕಾಫಿ ಕುಡಿಯೋಕೆ ಹೋಗುತ್ತಿರಲಿಲ್ಲ. ಗಾಳಿ ಹೋಗುವಷ್ಟು ಹೊತ್ತೂ ಟೈರನ್ನೇ ನೋಡುತ್ತಿದ್ದರು. ಇಲ್ಲಿಯವರು ಎಲ್ಲ ಕೆಲಸ ತಾವೇ ಮಾಡಿಕೊಳ್ಳುತ್ತಾರೆ, ಒಪ್ಪುತ್ತೇನೆ. ಆದರೆ ಟೈರನ್ನು ನೋಡುವ ಕಣ್ಣು ಮಷೀನಿನ ಡಬ್ಬದಲ್ಲಿ ಬರುವುದಿಲ್ಲ. ನಾನು ಈಗ ಪ್ರತಿ ಟೈರಿನ ಮುಂದೆ ಮಂಡಿಯೂರಿ ಕೂತು, ಮಧ್ಯೆ ಮಧ್ಯೆ ನಿಲ್ಲಿಸಿ, ಬೇರೆ ಗೇಜಿನಲ್ಲಿ ನೋಡುತ್ತೇನೆ. ಮಷೀನಿಗೇ ಅಂಟಿದ ಗೇಜು ಗಾಳಿ ಓಡುವಾಗ ಸುಳ್ಳು ಹೇಳುತ್ತದೆ. ಹಾಗೆ ಕೂತಾಗಲೇ ಸ್ಟೆಪ್ನಿಯ ಮೇಲೆ 2316 ಅಂತ ಓದಿದ್ದು. 2016ರ 23ನೇ ವಾರದ ಮಾಲು! ಕೊಂಡ ದಿನದಿಂದ ಅದನ್ನು ನಂಬಿ ಬೆಟ್ಟ ಹತ್ತುತ್ತಿದ್ದೆ. ಹಾಗೆ ಕೂತಾಗಲೇ ವಾಲ್ವುಗಳು ಮಾಮೂಲಿ ರಬ್ಬರಿನವು ಅಂತ ಕಂಡದ್ದು. ಅವುಗಳ ಮಿತಿಯೇ 65. ಮುಂದೆ 80 ಪಾಯಿಂಟಿನ ಟೈರು ಹಾಕಿಸಿದರೆ ಲೋಹದ ವಾಲ್ವ್ ಹಾಕಿಸಲೇಬೇಕು. ಎಂಜಲಿನ ಪರೀಕ್ಷೆಯೂ ಉಂಟು. ಮಗ “ಛೀ” ಅನ್ನುತ್ತಾನೆ.

ಹಾಗಂತ ಊರಿನದೆಲ್ಲ ಸರಿ ಅಂತ ನಾನು ಹೇಳುವುದಿಲ್ಲ. ಅಪ್ಪನ ನಂಬಿಕೆ ಏನೆಂದರೆ, ಕ್ಲೀನರ್ ಹುಡುಗರು ರಾಡಿನಲ್ಲಿ ಬಡಿದು ನೋಡುವ ಹಾಗೆ ಟೈರಿಗೆ ಒಂದು ಬಿಟ್ಟರೆ ಸದ್ದಿನಲ್ಲೇ ಗೊತ್ತಾಗುತ್ತದೆ ಅಂತ. ಒಂದು ದಿನ ವಿಡಿಯೋ ಕಾಲ್‌ನಲ್ಲಿ ಬಡಿಸಿದರು. ವೀಲ್ ಸ್ಪಾನರ್ ತಗೊಂಡು ನಾಲ್ಕಕ್ಕೂ ಬಡಿದೆ. “ಎಡಗಡೆ ಹಿಂದಿನದು ಕಮ್ಮಿ ಅದೆ” ಅಂದರು. ಗೇಜು ಇಟ್ಟೆ, 65. ಕಮ್ಮಿ ಇದ್ದದ್ದು ಬಲಗಡೆ ಮುಂದಿನದು, 59. “ಫೋನಲ್ಲಿ ಸರ್ಯಾಗಿ ಕೇಳಕಿಲ್ಲ ಕಣ್ಲಾ” ಅಂದರು. ಪೂರಾ ಕೂತುಹೋದ ಟೈರನ್ನು ಬಡಿದು ಕಂಡುಹಿಡಿಯಬಹುದು. ಆರು ಪಾಯಿಂಟನ್ನು ಆಗದು. ಆ ಆರು ಪಾಯಿಂಟೇ ಬಿಸಿಲಿನಲ್ಲಿ ಭಾರ ಹೊತ್ತು ಓಡುವ ಟೈರನ್ನು ಒಳಗೊಳಗೇ ಬೇಯಿಸುವುದು.

ಲಾರಿಯವರ ಉಪಾಯವೂ ಇಲ್ಲಿ ನಡೆಯುವುದಿಲ್ಲ. ಅವರು ಏರ್ ಬ್ರೇಕಿನ ಗಾಳಿಯಿಂದಲೇ ಪೈಪ್ ಎಳೆದು ಟೈರಿಗೆ ಹೊಡೆದುಕೊಳ್ಳುತ್ತಾರೆ. ಪ್ರಯಾಣದ ಟ್ರೈಲರುಗಳದ್ದು ಕರೆಂಟ್ ಬ್ರೇಕು.

ಊರೂ ಬದಲಾಗಿದೆ ಬಿಡಿ. 2023ರ ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು, 118 ಕಿಲೋಮೀಟರ್. ಅದೇ ಆಗಸ್ಟಿನಿಂದ ಬೈಕು, ಆಟೋ, ಟ್ರ್ಯಾಕ್ಟರಿಗೆ ಅದರ ಮೇಲೆ ಪ್ರವೇಶವಿಲ್ಲ. ಮದ್ದೂರನ್ನು ಮೇಲಿಂದ ಮೇಲೇ ದಾಟಿಸಿಬಿಡುತ್ತದೆ. ವಡೆಯೂ ಇಲ್ಲ, ಪಂಚರ್ ಅಂಗಡಿಯೂ ಇಲ್ಲ. ಅಲ್ಲಿ ಟೈರು ಕೂತರೆ ನೀವೂ ಅರಿಜೋನದಲ್ಲಿ ಕೂತ ಹಾಗೇ.

ಅದಕ್ಕೇ ಚಿಕ್ಕಪ್ಪನ ಮಗ ಮೊನ್ನೆ ಫೋನ್ ಮಾಡಿದ್ದ. “ಅಣ್ಣ, ಕಾರಿಗೆ ಒಂದು ಗಾಳಿ ಮಿಷನ್ ತಗಳಣ ಅಂತ. ನಿಂದೇ ತಗಳ್ಳಾ?” ಅಂದ. ಬೇಡ ಕಣೋ, ನಿನ್ನ ಕಾರಿಗೆ ಬೇಕಾದದ್ದು 33 ಪಾಯಿಂಟ್, ಲೈಟರಿಗೆ ಸಿಕ್ಕಿಸುವ ಸಣ್ಣದೇ ಧಾರಾಳ ಅಂದೆ. ನನ್ನ ಹಳೇ ಟಿಫಿನ್ ಡಬ್ಬಿಗೂ ಅದೇ ಸರಿಯಾದ ಕೆಲಸವಾಗಿತ್ತು. ಗೇಜು ಮಾತ್ರ ಬೇರೆ, ಒಳ್ಳೆಯದು ತಗೋ ಅಂದೆ. “ಹಂಗಾದ್ರೆ ಡಿಸೆಂಬರಲ್ಲಿ ಬರುವಾಗ ನೀನೇ ಒಂದು ತಂದುಬಿಡಣ್ಣ” ಅಂದ. ತಂದುಕೊಡುತ್ತೇನೆ ಅಂದಿದ್ದೇನೆ. ಅಪ್ಪನಿಗೂ ಒಂದು.